ಬಚ್ಚಲಿಗೆ ಹೋದ ಔಷಧ

ಶಿಕಾರಿಪುರದ ನಮ್ಮ ಮನೆ ಹಿಸೆಯಾದಾಗ ಹಿರಿಯರು ಎಲ್ಲವನ್ನೂ ಎರಡು ಮಾಡಿದರು. ಪಡಸಾಲೆಯ ನಡುವೆ ಗೋಡೆ ಬಂತು, ಅಡಿಗೆಮನೆ ಎರಡಾಯಿತು, ಹಿತ್ತಿಲ ತೆಂಗಿನ ಮರಗಳನ್ನೂ ಹಂಚಿದರು. ಎರಡು ಮಾಡಲಾಗದೆ ಉಳಿದದ್ದು ಬಚ್ಚಲು ಮನೆಯ ತಾಮ್ರದ ಹಂಡೆ. ಒಲೆಗೆ ಕೂಡಿಸಿ ಸುತ್ತ ಮಣ್ಣು ಮೆತ್ತಿದ ಹಳೆಯ ಹಂಡೆ. ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಅದು ತನಗೇ ಬೇಕು ಎಂದಳು. ನಾನು ಬಿಡುವುದಿಲ್ಲ ಎಂದೆ. ಹಿರಿಯರಿಗೆ ಸಾಕಾಗಿ, ಹಂಡೆ ಇದ್ದಲ್ಲೇ ಇರಲಿ, ಬಚ್ಚಲು ಇಬ್ಬರಿಗೂ ಕೂಡಿ ಇರಲಿ ಎಂದು ಹೇಳಿ, ಹೋಳಿಗೆ ಊಟ ಮಾಡಿ ಎದ್ದು ಹೋದರು. ಬಚ್ಚಲಿಗೆ ನಮ್ಮ ಕಡೆಯಿಂದ ಒಂದು ಬಾಗಿಲು, ಅವರ ಕಡೆಯಿಂದ ಒಂದು ಬಾಗಿಲು. ಆಮೇಲಿನ ಜಗಳಗಳೆಲ್ಲ ಆ ಎರಡು ಬಾಗಿಲುಗಳ ನಡುವೆಯೇ ನಡೆದವು.

ಓರಗಿತ್ತಿಯನ್ನು ವಯಸ್ಸಿಗೆ ತಕ್ಕಂತೆ ‘ಅವರು’ ಎಂದು ಬರೆಯಬೇಕು. ಬರೆಯುವುದಿಲ್ಲ. ಎದುರಿಗೆ ‘ಅಕ್ಕ’ ಎನ್ನುತ್ತಿದ್ದೆ, ಅಷ್ಟು ಸಾಕು.

ನಾನು ಸೊರಬದ ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಮನೆ ಶಿಕಾರಿಪುರದಲ್ಲಿ, ಕೆಲಸ ಸೊರಬದಲ್ಲಿ. ಶಿರಾಳಕೊಪ್ಪದ ಮೇಲೆ ಹೋಗುವ ಬೆಳಗಿನ ಬಸ್ಸು ತಪ್ಪಿದರೆ ಅರ್ಧ ದಿನದ ರಜೆ ಹೋಯಿತು ಎಂದೇ ಲೆಕ್ಕ. ನಾನು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ವಾರ್ಡನ್ ನಮ್ಮ ಹಾಸಿಗೆಯ ಮೂಲೆ ಎಳೆದು ನೋಡುತ್ತಿದ್ದರು, ಮಡಿಕೆ ಸಡಿಲವಿದ್ದರೆ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಆ ಶಿಸ್ತು ನನ್ನನ್ನು ಬಿಟ್ಟಿಲ್ಲ, ಬಿಡಲಿ ಎಂದು ನಾನು ಬಯಸಿದ್ದೂ ಇಲ್ಲ. ಬೆಳಿಗ್ಗೆ ಐದಕ್ಕೆ ನನ್ನ ಸ್ನಾನ. ಈ ಸಂಗತಿ ಇಡೀ ಕೇರಿಗೆ ಗೊತ್ತಿತ್ತು. ಆದರೂ ನಾನು ಟವಲು ಹಿಡಿದು ಹೋಗುವ ಹೊತ್ತಿಗೆ ಸರಿಯಾಗಿ ಓರಗಿತ್ತಿ ಒಳಗಿನಿಂದ ಅಗಳಿ ಹಾಕಿಕೊಂಡು ನಿಧಾನವಾಗಿ ನೀರು ಹೊಯ್ದುಕೊಳ್ಳುತ್ತಿದ್ದಳು.

“ಅಕ್ಕ, ಬಸ್ಸಿಗೆ ಹೊತ್ತಾತು” ಎಂದರೆ ಒಳಗಿಂದಲೇ ಉತ್ತರ: “ಡೀಸಿ ಸಾಹೇಬ್ರು ಹೊಂಟಾರ, ದಾರಿ ಬಿಡ್ರಪ್ಪ! ನಿನ್ನ ಬಸ್ಸಿಗೋಸ್ಕರ ನಾ ಮೈ ತೊಳಕಳದು ಬಿಡ್ಲಾ?”

ಭಾವನದು ಪೇಟೆಯಲ್ಲಿ ಮಂಡಿ. ಒಂದು ವರ್ಷ ವ್ಯಾಪಾರ ಚೆನ್ನಾಗಿ ಆಗಿ ಫ್ರಿಜ್ಜು ತಂದರು. ನಮ್ಮ ಕೇರಿಗೆ ಅದೇ ಮೊದಲು. ಓರಗಿತ್ತಿ ಅದನ್ನು ಅಡಿಗೆಮನೆಯಲ್ಲಿಡದೆ, ಬಂದವರಿಗೆ ಕಾಣಲಿ ಎಂದು ಪಡಸಾಲೆಯಲ್ಲಿ ನಿಲ್ಲಿಸಿದಳು. ಮೇಲೆ ಕ್ರೋಶಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು. ಆಗಿನ ಫ್ರಿಜ್ಜುಗಳಿಗೆ ಬೀಗ ಇರುತ್ತಿತ್ತು. ಅವಳು ಬೀಗ ಹಾಕಿ ಕೀಲಿಯನ್ನು ಉಳಿದ ಕೀಲಿಗಳ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಣ್ಣೀರು ಬೇಕಾದರೆ ಅವಳ ಸ್ವಂತ ಸೊಸೆಯೂ ಕೈ ಚಾಚಿ ನಿಲ್ಲಬೇಕು.

ಆ ಸೊಸೆ ಸೊರಬದ ಕಡೆಯ ಹುಡುಗಿ. ಮೃದು ಮಾತು. ನನ್ನನ್ನು ‘ಸಣ್ಣತ್ತೆ’ ಎನ್ನುತ್ತಿದ್ದಳು, ಅದೂ ತನ್ನ ಅತ್ತೆ ಹತ್ತಿರದಲ್ಲಿ ಇಲ್ಲದಾಗ. ಅವಳಿಗೆ ಒಂದು ಹೆಣ್ಣು ಮಗು, ಆಗಷ್ಟೇ ಓಡಾಡಲು ಕಲಿತಿತ್ತು. ಮಗುವಿಗೆ ಎರಡು ಮನೆಯ ಜಗಳ ಗೊತ್ತಿಲ್ಲ. ಬಚ್ಚಲಿನ ಬಾಗಿಲು ದಾಟಿ ನಮ್ಮ ಕಡೆ ಬಂದು, ನಾನು ಇಸ್ತ್ರಿ ಮಾಡಿ ಪೇರಿಸಿಟ್ಟ ಸೀರೆಗಳನ್ನು ಎಳೆದು ಹಾಕಿ ಹೋಗುತ್ತಿತ್ತು. ನನ್ನ ವಸ್ತು ಕೆದರಿದರೆ ನಾನು ಸಹಿಸುತ್ತಿದ್ದುದು ಅದೊಂದನ್ನೇ.

ಒಂದು ಬೇಸಿಗೆಯ ಮೊದಲಲ್ಲಿ ಸೊಸೆ ಮಗುವನ್ನು ಕರೆದುಕೊಂಡು ಸೊರಬಕ್ಕೆ ತವರಿಗೆ ಹೋಗಿದ್ದಾಗ ಮಗುವಿಗೆ ಜ್ವರ ಏರಿ ಸೆಳವು ಬಂತು. ಡಾಕ್ಟರ ಹತ್ತಿರ ಒಯ್ಯುವ ದಾರಿಯಲ್ಲಿ, ಆಟೋದಲ್ಲಿ. ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಬಾಯಲ್ಲಿ ನೊರೆ. ಸುದ್ದಿ ಆಸ್ಪತ್ರೆಗೆ ಬಂದು ನಾನು ಆ ಡಾಕ್ಟರ ಕ್ಲಿನಿಕ್ಕಿಗೆ ಓಡಿದಾಗ ಮಗು ಸುಧಾರಿಸಿಕೊಂಡಿತ್ತು, ತಾಯಿ ಮಾತ್ರ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಸ್ಪಷ್ಟ: ಜ್ವರ ತಲೆಗೇರಲು ಬಿಡಬಾರದು, ಬಿಟ್ಟರೆ ಮತ್ತೆ ಸೆಳವು ಬರಬಹುದು. ಈ ಮಗು ಸಿರಪ್ಪನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಸಪೋಸಿಟರಿ ಬರೆಯುತ್ತೇನೆ, ಮನೆಯಲ್ಲಿ ಯಾವಾಗಲೂ ಇರಲಿ.

ಸಪೋಸಿಟರಿ ಎಂದರೆ ಗುದದ್ವಾರದಲ್ಲಿ ಇಡುವ ಔಷಧ. ಕಿರುಬೆರಳಿಗಿಂತ ಗಿಡ್ಡ, ಒಂದು ತುದಿ ಚೂಪು, ಮುಟ್ಟಿದರೆ ಮೇಣದ ಹಾಗೆ. ಔಷಧವನ್ನು ಕೊಬ್ಬಿನಲ್ಲಿ ಬೆರೆಸಿ ಅಚ್ಚಿಗೆ ಹೊಯ್ದಿರುತ್ತಾರೆ. ಒಳಗೆ ಹೋದ ಮೇಲೆ ಮೈಯ ಕಾವಿಗೆ ಕರಗಿ ಔಷಧ ರಕ್ತಕ್ಕೆ ಸೇರಬೇಕು. ವಾಂತಿ ಮಾಡುವವರಿಗೆ, ಪ್ರಜ್ಞೆ ಇಲ್ಲದವರಿಗೆ, ಕೂಸುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಮೈಯ ಕಾವಿಗೆ ಕರಗಬೇಕಾದ ವಸ್ತು ನಮ್ಮ ಕಡೆಯ ಏಪ್ರಿಲ್ ತಿಂಗಳಿಗೂ ಕರಗುತ್ತದೆ, ಅದೊಂದೇ ತೊಂದರೆ.

ತೊಂದರೆ ಅದೊಂದೇ ಎಂದು ಓದುವಾಗ ನಂಬಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಗೊತ್ತಾಯಿತು. ಔಷಧದ ಅಂಗಡಿಯವರು ಅದನ್ನು ಪೇಪರಿನಲ್ಲಿ ಸುತ್ತಿ, ಕದ್ದ ಮಾಲಿನ ಹಾಗೆ ಕೈಗೆ ತುರುಕುತ್ತಿದ್ದರು. ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂದು ಬಾಯಿ ಬಿಟ್ಟು ಹೇಳುವವರಿಲ್ಲ. ಉಡುತಡಿ ಕಡೆಯ ಗಟ್ಟಿಮುಟ್ಟಾದ ರೈತರೊಬ್ಬರು ಅದನ್ನು ಜಗಿದು ತಿಂದು, ಮರುದಿನ ನಮ್ಮ ಕೌಂಟರಿಗೆ ಬಂದು ಬೈದರು: “ಏನ್ರೀ ಮೇಡಂ, ಹೊಟ್ಟಿ ಕಟ್ಟೇತಿ ಅಂದ್ರ ಸಾಬೂನು ತಿನ್ನಸ್ತೀರಿ?” ಎಲ್ಲಿ ಇಡಬೇಕಿತ್ತೆಂದು ನಾನು ಸಾಲಿನಲ್ಲಿ ನಿಂತವರ ಎದುರಿಗೇ ಹೇಳಿದೆ. ಅವರು ಟವಲನ್ನು ಮುಖಕ್ಕೆ ಅಡ್ಡ ಹಿಡಿದು ಹೋದವರು ಆಮೇಲೆ ನಮ್ಮ ಆಸ್ಪತ್ರೆಗೇ ಬರಲಿಲ್ಲ. ನನಗೆ ಬೇಸರವಾಗಲಿಲ್ಲ. ನಾಚಿಕೆಯಿಂದ ಔಷಧ ಹಾಳು ಮಾಡುವವರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಮಗುವಿನ ಔಷಧವನ್ನು ಸೊರಬದಿಂದ ನಾನೇ ತಂದೆ. ಬಾಯಗಲದ ಫ್ಲಾಸ್ಕಿನಲ್ಲಿ ಐಸ್ ಹಾಕಿ, ಸಪೋಸಿಟರಿಗಳ ಸೀಲು ಮಾಡಿದ ಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟು, ಸಂಜೆಯ ಬಸ್ಸಿನಲ್ಲಿ ಮಡಿಲಿನಿಂದ ಕೆಳಗಿಳಿಸದೆ ತಂದೆ. ಸೊಸೆ ಅಷ್ಟರಲ್ಲಿ ಮಗುವಿನೊಂದಿಗೆ ವಾಪಸು ಬಂದಿದ್ದಳು. ಬಚ್ಚಲಿನ ಬಾಗಿಲಲ್ಲಿ ಕರೆದು ಅವಳ ಕೈಗೆ ಕೊಟ್ಟು, ಫ್ರಿಜ್ಜಿನಲ್ಲಿಡು, ಆದರೆ ಐಸಿನ ಖಾನೆಯಲ್ಲಿ ಬೇಡ ಎಂದು ಎರಡು ಸಲ ಹೇಳಿದೆ. ಹಗೆಯವರ ಮನೆಯ ಫ್ರಿಜ್ಜು ನನಗೆ ಬೇಕಾಗಿ ಬಂದದ್ದು ಅದೇ ಮೊದಲ ಸಲ.

ರಾತ್ರಿ ಅಡಿಗೆಯ ಹೊತ್ತಿಗೆ ಗೋಡೆಯಾಚೆ ಗದ್ದಲ ಶುರುವಾಯಿತು. ಏನದು, ಏನದು ಎಂದು ಅತ್ತೆ ಕೇಳುತ್ತಿದ್ದಾಳೆ. ಸೊಸೆ, ಪಾಪುವಿನ ಔಷಧಿ ಎನ್ನುವುದಕ್ಕಿಂತ ಹೆಚ್ಚು ಬಾಯಿ ಬಿಡುತ್ತಿಲ್ಲ. ನಾನು ಬಚ್ಚಲು ದಾಟಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಓರಗಿತ್ತಿ ಕೆನ್ನೆ ಬಡಿದುಕೊಂಡಳು. “ಶಿವನೇ! ಅಲ್ಲಿ ಇಡೋದನ್ನ ತಂದು ನನ್ನ ಹಾಲಿನ ಪಕ್ಕ ಇಟ್ಟಾಳಲ್ಲೋ!”

“ಪಟ್ಟಿಯೊಳಗ ಸೀಲ್ ಆಗೇತಿ ಅಕ್ಕ. ಅದು ಇನ್ನೂ ಎಲ್ಲಿಗೂ ಹೋಗಿ ಬಂದಿಲ್ಲ.”

“ಹೋಗೋದು ಎಲ್ಲಿಗೆ ಅಂತ ಗೊತ್ತೈತಲ್ಲ! ಸೋಮವಾರ ಅಯ್ಯನೋರು ಪಾದಪೂಜೆಗೆ ಬರ್ತಾರ. ಇದೇ ಹಾಲು, ಇದೇ ಬೆಣ್ಣಿ ಅವ್ರಿಗೆ ಬಡಸ್ಬೇಕು.”

“ಮಗೂಗೆ ಫಿಟ್ಸ್ ಬಂದ್ರೆ ಅಯ್ಯನೋರು ನಿಲ್ಲಸ್ತಾರಾ?”

“ಬಾಲಗ್ರಹ ಅದು. ಅಂತ್ರ ಕಟ್ಟಿಸಿದ್ರ ಹೋಗ್ತೈತಿ. ನಿನ್ನ ಹಂಗ ಆಸ್ಪತ್ರ್ಯಾಗ ಎಲ್ಲೆಲ್ಲೋ ಕೈ ಹಾಕಿ ಬಂದು ಅದೇ ಕೈಲಿ ಉಣ್ಣೋ ಮಂದಿ ಅಲ್ಲ ನಾವು.”

ನಾನೂ ಬಿಡಲಿಲ್ಲ. ಅವಳ ಫ್ರಿಜ್ಜಿನಲ್ಲಿ ವಾರದ ಸಾರು ಕೊಳೆಯುತ್ತಿರುವ ವಾಸನೆ ಕೇರಿಗೆಲ್ಲ ಬರುತ್ತದೆ ಎಂದೆ. ಮಗು ಎದ್ದು ಅತ್ತಿತು, ಅಲ್ಲಿಗೆ ಮಾತು ನಿಂತಿತು. ಪಟ್ಟಿ ಫ್ರಿಜ್ಜಿನಲ್ಲಿಯೇ ಇತ್ತು. ನನ್ನ ಕಣ್ಣಾರೆ ನೋಡಿ ಬಂದೆ.

ಭಾನುವಾರ ನನಗೆ ಇಸ್ತ್ರಿಯ ದಿನ. ವಾರದ ಸೀರೆಗಳಿಗೆ ಗಂಜಿ ಹಾಕಿ ಒಣಗಿಸಿ, ಊಟವಾದ ಮೇಲೆ ಇಸ್ತ್ರಿಗೆ ಕೂರುವುದು. ಎರಡು ಮನೆಯ ಗಂಡಸರೂ ತೊಗರ್ಸಿಯಲ್ಲಿ ನಂಟರ ಮದುವೆಗೆ ಹೋಗಿದ್ದರು. ಅವರು ಒಟ್ಟಿಗೆ ಮದುವೆಗೆ ಹೋಗುತ್ತಾರೆ, ಒಟ್ಟಿಗೆ ಎಲೆ ಅಡಿಕೆ ಹಾಕುತ್ತಾರೆ; ಹಗೆ ಕಾಯುವ ಕೆಲಸ ನಮ್ಮದು. ಕರೆಂಟು ಹೋಗಿತ್ತು. ಕೆಂಡದ ಇಸ್ತ್ರಿ ಪೆಟ್ಟಿಗೆ ತೆಗೆದು ಇದ್ದಿಲು ಹಾಕುತ್ತಿದ್ದೆ. ಸೊಸೆ ಬಚ್ಚಲಿನ ಬಾಗಿಲಿನಿಂದ ಮಗುವನ್ನು ಎತ್ತಿಕೊಂಡು ಬಂದಳು.

“ಸಣ್ಣತ್ತೆ, ಪಾಪು ಮೈ ಸುಡ್ತಾ ಉಂಟು. ಸಿರಪ್ ಹಾಕಿದ್ದೆಲ್ಲ ವಾಂತಿ ಮಾಡಿತು. ಮೊನ್ನೆ ಆಟೋದಲ್ಲೂ ಹೀಗೇ ಆಗಿದ್ದು, ಹೀಗೇ ಕಣ್ಣು ಮಾಡಿತ್ತು...”

ಮಗುವಿನ ಹಣೆ ಮುಟ್ಟಿದೆ. ಕಣ್ಣು ಅರೆ ತೆರೆದಿತ್ತು, ಉಸಿರು ಚಿಕ್ಕದು. ಆಸ್ಪತ್ರೆಗೆ ಒಯ್ಯಲೇಬೇಕು, ಆದರೆ ಜ್ವರ ಇಳಿಸದೆ ಆ ಬಿಸಿಲಿಗೆ ಒಯ್ದರೆ ದಾರಿಯಲ್ಲೇ ಸೆಳವು ಬರುತ್ತದೆ ಎನ್ನಿಸಿತು.

“ಮೈ ಮೇಲಿನ ಬಟ್ಟೆ ತೆಗಿ, ಒದ್ದೆ ಬಟ್ಟೆಯಲ್ಲಿ ಒರೆಸು. ಔಷಧ ಎಲ್ಲಿದೆ?”

“ಫ್ರಿಜ್ಜಿನಲ್ಲಿ ಇಲ್ಲ, ಸಣ್ಣತ್ತೆ. ಅತ್ತೆ ಮೊನ್ನೇನೇ ತೆಗೆದಾರೆ.”

ನಾನು ಅವರ ಕಡೆ ಹೋದೆ. ಓರಗಿತ್ತಿ ಪಡಸಾಲೆಯಲ್ಲಿ ಮರುದಿನದ ಪೂಜೆಗೆ ಬೆಳ್ಳಿ ಸಾಮಾನು ಉಜ್ಜುತ್ತ ಕೂತಿದ್ದಳು. ಎಲ್ಲಿಟ್ಟೆ ಎಂದು ಕೇಳಿದೆ.

“ಎಲ್ಲಿ ಇಡಬೇಕೋ ಅಲ್ಲಿ ಇಟ್ಟೀನಿ. ಕೆಳಗಿನ ಔಷಧಿ ಬಚ್ಚಲ್ದು. ನಾ ಏನು ಬೀದಿಗೆ ಎಸದಿಲ್ಲ, ಜೋಪಾನ ಮಾಡೀನಿ.”

ಅವಳು ಜೋಪಾನ ಮಾಡಿದ್ದು ಹಂಡೆಯ ಒಲೆಯ ಮೇಲಿನ ಗೂಡಿನಲ್ಲಿ. ಶೀಗೆಪುಡಿಯ ಡಬ್ಬಿ ಮತ್ತು ಹರಳೆಣ್ಣೆಯ ಸೀಸೆಯ ನಡುವೆ. ದಿನಾ ಬೆಳಿಗ್ಗೆ ಬೆಂಕಿ ಉರಿಯುವ ಜಾಗ, ಇಡೀ ಮನೆಯಲ್ಲಿ ಅದಕ್ಕಿಂತ ಬಿಸಿಯಾದ ಜಾಗವಿಲ್ಲ. ನಾನು ದಿನಾ ಅದರ ಕೆಳಗೇ ನಿಂತು ಸ್ನಾನ ಮಾಡುತ್ತಿದ್ದೆ, ಗೂಡು ನನ್ನ ಕಣ್ಣಿಗಿಂತ ಎತ್ತರಕ್ಕಿತ್ತು. ಪಟ್ಟಿಯನ್ನು ತೆಗೆದು ಅಲ್ಲಾಡಿಸಿದೆ. ಒಳಗೆ ಎಣ್ಣೆಯ ಹಾಗೆ ಆಡಿತು. ಎಲ್ಲವೂ ನೀರಾಗಿದ್ದವು.

ಆಗ ಅವಳಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಪಶ್ಚಾತ್ತಾಪದಿಂದಲ್ಲ, ಅಚ್ಚಾಗುವ ಮಾತುಗಳಲ್ಲ ಎಂದು.

ಪುಣ್ಯಕ್ಕೆ ಪಟ್ಟಿ ಎಲ್ಲಿಯೂ ಒಡೆದಿರಲಿಲ್ಲ. ಸೀಲು ಗಟ್ಟಿಯಿದ್ದರೆ ಕರಗಿದ ಔಷಧ ಎಲ್ಲಿಗೂ ಹೋಗುವುದಿಲ್ಲ; ಚೂಪು ತುದಿ ಕೆಳಗೆ ಮಾಡಿ ತಣ್ಣಗೆ ನಿಲ್ಲಿಸಿದರೆ ತನ್ನ ಅಚ್ಚಿನಲ್ಲಿ ತಾನೇ ಮತ್ತೆ ಗಟ್ಟಿಯಾಗುತ್ತದೆ. ಒಂದನ್ನು ಪಟ್ಟಿಯಿಂದ ಕತ್ತರಿಸಿ, ಚೆನ್ನಾಗಿ ಅಲುಗಿಸಿ, ನಮ್ಮ ಮಣ್ಣಿನ ಗಡಿಗೆಯ ನೀರನ್ನು ಲೋಟಕ್ಕೆ ತುಂಬಿ ಅದರಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡೆ. ನೀರು ಬದಲಿಸಿದೆ. ಮತ್ತೆ ಬದಲಿಸಿದೆ. ಆ ಸೆಕೆಗೆ ಗಡಿಗೆಯ ನೀರಿನ ತಂಪು ಸಾಲದು. ಬೆರಳಿನಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ತಗ್ಗು ಬೀಳುತ್ತಿತ್ತು. ಅಷ್ಟು ಮೆತ್ತಗಿದ್ದರೆ ಇಡಲು ಬರುವುದಿಲ್ಲ. ಐಸ್ ಬೇಕಿತ್ತು. ಲೋಟ ಹಿಡಿದು ಮತ್ತೆ ಅವರ ಪಡಸಾಲೆಗೆ ಹೋದೆ.

“ಅಕ್ಕ, ಫ್ರಿಜ್ಜಿನ ಕೀಲಿ ಕೊಡು.”

“ಯಾಕ?”

“ಐಸ್ ಬೇಕು. ಕರೆಂಟು ಹೋದ್ರೂ ಮೇಲಿನ ಖಾನೆಯಲ್ಲಿ ಇರ್ತದೆ.”

“ಅದನ್ನ ಹಿಡದ ಕೈಲಿ ನನ್ನ ಫ್ರಿಜ್ಜು ಮುಟ್ಟಬ್ಯಾಡ. ನಾಳಿ ಪೂಜಿ ಐತಿ ಅಂತ ಹೇಳಿಲ್ಲನು ನಿನಗ?”

“ನೀನೇ ತೆಗೆದು ಕೊಡು ಹಾಗಾದ್ರೆ.”

“ಕೊಡಂಗಿಲ್ಲ. ತಣ್ಣೀರು ಬಟ್ಟಿ ಹಾಕ್ರಿ, ಇಳೀತೈತಿ. ನನ್ನ ಮಕ್ಕಳಿಗೆಲ್ಲ ಜ್ವರ ಬಂದಿರಲಿಲ್ಲೇನು? ನಿನ್ನ ಲೋಟ ತಗಂಡು ಆ ಕಡೆ ನಡಿ.”

ಸೊಸೆ ಅದೇ ಪಡಸಾಲೆಯಲ್ಲಿ ಮಗುವನ್ನು ಚಾಪೆಯ ಮೇಲೆ ಮಲಗಿಸಿ ಒರೆಸುತ್ತಿದ್ದಳು. ಅವಳು ತಲೆ ಎತ್ತಿ “ಅತ್ತೆ, ಕೀಲಿ ಕೊಡ್ರಿ” ಎಂದಳು. ಅವಳು ಅತ್ತೆಯ ಹತ್ತಿರ ಏನನ್ನಾದರೂ ಬೇಕು ಎಂದು ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನೀನೂ ಕಲತ್ಯಾ? ಇವಳ ಜೊತಿ ಕೂಡಿ?”

ಅಷ್ಟರಲ್ಲಿ ಮಗುವಿನ ಎರಡೂ ಕೈಗಳು ಒಮ್ಮೆ ಮೇಲಕ್ಕೆ ಜಗ್ಗಿದವು. ಕಣ್ಣುಗುಡ್ಡೆ ರೆಪ್ಪೆಯೊಳಕ್ಕೆ ಸರಿದು ಮತ್ತೆ ಕೆಳಗೆ ಬಂತು. ಅದು ಸೆಳವಿನ ಮೊದಲೋ, ಜ್ವರದಲ್ಲಿ ಬೆಚ್ಚಿದ್ದೋ ನನಗೂ ತಿಳಿಯಲಿಲ್ಲ. ಸೊಸೆ ಕಿರುಚಿದಳು.

ಓರಗಿತ್ತಿ ಉಜ್ಜುತ್ತಿದ್ದ ತಟ್ಟೆಯನ್ನು ಬಿಸುಟು ಎದ್ದಳು. “ಕಬ್ಬಿಣ! ಕೈಯಾಗ ಕಬ್ಬಿಣ ಕೊಡ್ರಿ, ಕಬ್ಬಿಣ!” ಸೆಳವು ಬಂದವರ ಮುಷ್ಟಿಯಲ್ಲಿ ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಬಿದ್ದರೆ ಹತ್ತು ಜನ ಕೀಲಿ ಹಿಡಿದು ಓಡಿ ಬರುತ್ತಾರೆ. ಇವಳೂ ಸೊಂಟಕ್ಕೆ ಕೈ ಹಾಕಿ ಇಡೀ ಗೊಂಚಲನ್ನು ಕಿತ್ತು, ಮಗುವಿನ ಪುಟ್ಟ ಮುಷ್ಟಿಯಲ್ಲಿ ತುರುಕಿ, ಮೇಲೆ ತನ್ನ ಕೈ ಮುಚ್ಚಿ “ಶಿವ ಶಿವ” ಎನ್ನತೊಡಗಿದಳು.

ನನಗೆ ಹೊಳೆಯುವ ಮೊದಲೇ ಸೊಸೆಗೆ ಹೊಳೆಯಿತು. ಅತ್ತೆಯ ಕೈ ಸರಿಸಿದಳು, ಮಗುವಿನ ಬೆರಳು ಬಿಡಿಸಿದಳು, ಗೊಂಚಲು ತೆಗೆದುಕೊಂಡು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಐಸಿನ ಟ್ರೇ ಅಂಟಿಕೊಂಡಿತ್ತು. ಎಳೆದ ರಭಸಕ್ಕೆ ಹಾಲಿನ ಪಾತ್ರೆ ಉರುಳಿ ಪಡಸಾಲೆಯ ತುಂಬ ಹಾಲು ಹರಿಯಿತು. ಅವಳು ಅದರತ್ತ ತಿರುಗಿ ನೋಡಲಿಲ್ಲ.

“ಅಯ್ಯೋ ನನ್ನ ಪೂಜಿ ಹಾಲು!” ಎಂದು ಓರಗಿತ್ತಿ ಕೂಗಿದಳು. ಮಗುವಿನ ಪಕ್ಕದಿಂದ ಮಾತ್ರ ಏಳಲಿಲ್ಲ. ಕೈಯಲ್ಲಿ ಕಬ್ಬಿಣ ಇಲ್ಲದ್ದಕ್ಕೆ ಪಕ್ಕದ ಇಳಿಗೆಮಣೆಯನ್ನು ಎಳೆಯಲು ಹೋದಳು. ನಾನು ಅದನ್ನು ಕಾಲಿನಿಂದ ದೂರ ಒದ್ದೆ.

ಐಸಿನ ನೀರಿನಲ್ಲಿ ಔಷಧ ಗಟ್ಟಿಯಾಗುವ ತನಕ ನಾನು ಲೋಟ ಹಿಡಿದು ಮಗುವಿನ ಮುಖವನ್ನೇ ನೋಡುತ್ತಿದ್ದೆ. ಒತ್ತಿ ನೋಡಿದೆ, ಗಟ್ಟಿ. ಕೈ ತೊಳೆದು, ಮಗುವನ್ನು ಎಡಮಗ್ಗುಲಿಗೆ ತಿರುಗಿಸಿ, ಸುಲಿದ ಔಷಧವನ್ನು ನೀರಿನಲ್ಲಿ ಅದ್ದಿ ಇಟ್ಟೆ. ಅದು ಹೊರಗೆ ಜಾರದಂತೆ ತಾಯಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದುಕೊಳ್ಳಲು ಹೇಳಿದೆ. ಇಷ್ಟೇ ಕೆಲಸ. ಇಷ್ಟಕ್ಕೆ ಅಷ್ಟು ರಂಪ.

ಓರಗಿತ್ತಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. “ಇದೆಲ್ಲ ಬೇಕಾಗಿತ್ತಾ? ನಮ್ಮ ಕಾಲದಾಗ ಹೊಟ್ಟಿ ಕಟ್ಟಿದ್ರ ಹರಳೆಣ್ಣ್ಯಾಗ ವೀಳ್ಯದೆಲಿ ತೊಟ್ಟು ಅದ್ದಿ ಇಟ್ರ ಆಗ್ತಿತ್ತು. ಇಂಥಾ ಅಸಹ್ಯ ಯಾರೂ ಮಾಡ್ತಿರಲಿಲ್ಲ.”

“ಆ ಎಲಿತೊಟ್ಟು ಎಲ್ಲಿ ಇಡ್ತಿದ್ದೆ ಅಕ್ಕ? ಕಿವ್ಯಾಗ?”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಕುಲುಕುತ್ತಿತ್ತು. ಓರಗಿತ್ತಿ ಎದ್ದು ಹೋಗಿ ನೆಲದ ಹಾಲು ಬಳಿಯತೊಡಗಿದಳು, ಅದೂ ನನ್ನ ಕಾಲ ಹತ್ತಿರವೇ, ಒದ್ದೆ ಬಟ್ಟೆಯಿಂದ ನನ್ನ ಪಾದಕ್ಕೆ ತಾಕಿಸಿ ತಾಕಿಸಿ.

ಸೆಳವು ಬರಲಿಲ್ಲ. ಬಿಸಿಲು ಅಂಗಳದಿಂದ ಸರಿಯುವ ಹೊತ್ತಿಗೆ ಮಗುವಿನ ಕುತ್ತಿಗೆಯಲ್ಲಿ ಬೆವರು ಕಂಡಿತು. ಆಮೇಲೆ ಕಣ್ಣು ಬಿಟ್ಟು ನೀರು ಕೇಳಿತು. ಗುಟುಕು ಗುಟುಕಾಗಿ ಕುಡಿಸಿದೆವು, ಹೊರಗೆ ಬರಲಿಲ್ಲ. ಆಟೋ ತರಿಸಿ ನಾನೂ ಸೊಸೆಯೂ ಶಿಕಾರಿಪುರದ ಆಸ್ಪತ್ರೆಗೇ ಒಯ್ದೆವು. ಗಂಟಲು ಕೆಂಪಾಗಿದೆ ಎಂದು ಡಾಕ್ಟರು ಔಷಧ ಕೊಟ್ಟರು. ಮನೆಗೆ ಬಂದಾಗ ಗಂಡಸರು ಮದುವೆಯೂಟ ಜೀರ್ಣಿಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದರು. ಏನಾಯಿತು ಎಂದು ಕೇಳಿದರು. ಏನಿಲ್ಲ ಎಂದೆವು.

ಸೋಮವಾರ ಪಾದಪೂಜೆ ನಡೆಯಿತು, ಕೊಂಡು ತಂದ ಹಾಲಿನಲ್ಲಿ. ಓರಗಿತ್ತಿ ಫ್ರಿಜ್ಜನ್ನು ಖಾಲಿ ಮಾಡಿ, ಸೋಪು ಹಾಕಿ ತಿಕ್ಕಿ, ಬಾಗಿಲಿಗೆ ವಿಭೂತಿಯ ಮೂರು ಗೆರೆ ಎಳೆದಳು. ಗೋಡೆ ದಾಟುವಷ್ಟು ದನಿಯಲ್ಲಿ ನನ್ನನ್ನು ಬೈದಳು. ಮಗುವನ್ನು ಉಳಿಸಿದೆ ಎಂದು ನಾನು ಹೇಳಿಕೊಳ್ಳಲಿಲ್ಲ, ಹೇಳಿದರೂ ಅವಳು ಒಪ್ಪುತ್ತಿರಲಿಲ್ಲ. ಜ್ವರ ಇಳಿಸಿದ್ದು ಕಬ್ಬಿಣ ಎಂದು ಪೂಜೆಗೆ ಬಂದ ಹೆಂಗಸರಿಗೆಲ್ಲ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಮಳೆಗಾಲ ಹಿಡಿಯುವ ಮುಂಚೆ ಅವಳು ಭಾವನಿಗೆ ದುಂಬಾಲು ಬಿದ್ದು ಬಚ್ಚಲಿನ ನಡುವೆಯೂ ಗೋಡೆ ಎಬ್ಬಿಸಿದಳು. ಹಂಡೆ ಅವಳ ಕಡೆ ಹೋಯಿತು. ನಾನು ತಕರಾರು ತೆಗೆಯಲಿಲ್ಲ. ನೀರು ಕಾಯಿಸುವ ಕರೆಂಟಿನ ಕಾಯಿಲು ತಂದುಕೊಂಡೆ, ಐದಕ್ಕೆ ಸರಿಯಾಗಿ ನನ್ನ ಸ್ನಾನ, ಅಗಳಿ ಹಾಕಿಕೊಂಡು ಕಾಯಿಸುವವರು ಯಾರೂ ಇಲ್ಲ. ಮಗು ಮಾತ್ರ ನನ್ನ ಸೀರೆ ಕೆದರಲು ಬೀದಿ ಸುತ್ತಿ ಬರಬೇಕಾಯಿತು. ಬರುತ್ತಿತ್ತು.

ಮುಂದಿನ ಬೇಸಿಗೆಗೆ ಹೊಸ ಪಟ್ಟಿ ತಂದೆ. ಹಿಂದಿನ ಸಲದ ಹಾಗೆಯೇ ಫ್ಲಾಸ್ಕಿನಲ್ಲಿ. ಬಚ್ಚಲಿನ ದಾರಿ ಮುಚ್ಚಿದ್ದರಿಂದ ಬೀದಿಯ ಬಾಗಿಲಿಗೆ ಹೋಗಿ ಕೊಟ್ಟೆ. ಸೊಸೆ ಬಂದು ತೆಗೆದುಕೊಂಡಳು. ಫ್ರಿಜ್ಜಿನ ಕೀಲಿ ಅವಳ ತಾಳಿಯ ಸರದ ಪಿನ್ನಿನಲ್ಲಿ ತೂಗುತ್ತಿತ್ತು. ಆ ಭಾನುವಾರ ಗೊಂಚಲಿನಿಂದ ಬಿಚ್ಚಿಕೊಂಡ ಆ ಒಂದು ಕೀಲಿಯನ್ನು ಅವಳು ವಾಪಸು ಕೊಟ್ಟಿರಲೇ ಇಲ್ಲ. ಅತ್ತೆ ಎಷ್ಟು ಸಲ ಕೇಳಿದಳೋ, ಎಷ್ಟು ಬೈದಳೋ ನನಗೆ ಗೊತ್ತಿಲ್ಲ.

ಒಳಗಿನಿಂದ ಓರಗಿತ್ತಿಯ ದನಿ ಬಂತು: “ಬಂದಳೇನು ಬಚ್ಚಲು ಡಾಕ್ಟ್ರು? ಕೆಳಗಿನ ಖಾನ್ಯಾಗ ಇಡು ಅದನ್ನ. ಹಾಲಿನ ಹತ್ರ ತಂದಿ ಅಂದ್ರ ನೋಡು ಮತ್ತ!”

ಸೊಸೆ ಕೀಲಿ ತಿರುಗಿಸಿ ಬಾಗಿಲು ತೆಗೆದು, ಪಟ್ಟಿಯನ್ನು ಹಾಲಿನ ಪಾತ್ರೆಯ ಪಕ್ಕದಲ್ಲಿ ಇಟ್ಟು ಬೀಗ ಹಾಕಿದಳು.